ಕೊಕೆಟ್ ಸ್ಟೈಲ್: ಬೋ, ಲೇಸ್, ಫ್ರಿಲ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಈ ಸ್ಟೈಲ್ ಇಷ್ಟಪಡುವವರು, ಇಷ್ಟ ಇದ್ದರೂ ಹಾಕಲು ಹಿಂಜರಿಯುವವರು, ಹಾಕಿ ನೋಡಿ "ಯಾಕೋ ಫೋಟೋದಲ್ಲಿ ಇದ್ದ ಹಾಗೆ ಬರಲೇ ಇಲ್ಲ" ಎಂದು ಬೇಜಾರಾದವರು, ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ನನ್ನ ಪಕ್ಷಪಾತವನ್ನು ಮೊದಲೇ ಹೇಳಿಬಿಡುತ್ತೇನೆ. ನನಗೆ ಬೋಗಿಂತ ಬಟ್ಟೆ ಮುಖ್ಯ. ಬಟ್ಟೆ ಚೆನ್ನಾಗಿ ಬೀಳದಿದ್ದರೆ ಎಷ್ಟು ರಿಬ್ಬನ್ ಕಟ್ಟಿದರೂ ಗಿಫ್ಟ್ ಪ್ಯಾಕ್ ಥರ ಕಾಣುತ್ತದೆ.

ಕೊಕೆಟ್ ಅಂದ್ರೆ ಏನು? ಒಂದೇ ಮಾತಲ್ಲಿ ಹೇಳಿ.

ಒಂದೇ ಮಾತಲ್ಲಿ ಆಗಲ್ಲ. ಮೆತ್ತಗೆ ಬೀಳುವ ಬಟ್ಟೆ. ಸೊಂಟದಲ್ಲೋ ಎದೆಯ ಕೆಳಗೋ ಒಂದು ಸ್ಪಷ್ಟ ಗೆರೆ. ಅಂಚಿಗೆ ಲೇಸ್ ಅಥವಾ ಫ್ರಿಲ್. ಕೂದಲಲ್ಲೋ ಕತ್ತಿನಲ್ಲೋ ಒಂದು ರಿಬ್ಬನ್. ಬಣ್ಣ ಸಾಮಾನ್ಯವಾಗಿ ತಿಳಿ: ಕ್ರೀಮ್, ತಿಳಿ ಗುಲಾಬಿ, ಮಾಸಲು ನೀಲಿ. ಕಾಲಿಗೆ ಬ್ಯಾಲೆ ಶೂ, ಇಲ್ಲವೇ ಪಾದದ ಮೇಲೆ ಪಟ್ಟಿ ಬರುವ ಮೇರಿ ಜೇನ್. ಇಷ್ಟೂ ಒಂದೇ ದಿನ ಮೈಮೇಲೆ ಇರಬೇಕೆಂದಿಲ್ಲ. ಇರಲೂಬಾರದು, ಅದನ್ನು ಆಮೇಲೆ ಹೇಳುತ್ತೇನೆ.

ಇದು ಮೊನ್ನೆ ಮೊನ್ನೆ ಹುಟ್ಟಿದ ಟ್ರೆಂಡ್ ತಾನೆ?

ಈ ಹೆಸರಲ್ಲಿ ಎಲ್ಲೆಡೆ ಹರಡಿದ್ದು ಇತ್ತೀಚೆಗೆ. 2020ರ ನಂತರ ಟಿಕ್‌ಟಾಕ್, ಪಿಂಟರೆಸ್ಟ್‌ನಲ್ಲಿ ಜೋರಾಯಿತು. 2023 ಮುಗಿಯುವ ಹೊತ್ತಿಗೆ ಎಲ್ಲಿಗೆ ಬಂತೆಂದರೆ, ಜನ ತಮಾಷೆಗೆ ಐಸ್ ಕ್ಯೂಬಿಗೂ ಬೋ ಕಟ್ಟಿ ವಿಡಿಯೋ ಹಾಕುತ್ತಿದ್ದರು.

ಆದರೆ ಬಟ್ಟೆ ಹಳೆಯದು, ಇದರ ಬೇರು 18ನೇ ಶತಮಾನದ ಫ್ರಾನ್ಸಿನ ಅರಮನೆಯಲ್ಲಿದೆ. ಚಿತ್ರಕಾರ ಫ್ರಾಂಸ್ವಾ ಬೂಶೆ 1756ರಲ್ಲಿ ಬರೆದ, ರಾಜ 15ನೇ ಲೂಯಿಯ ಪ್ರೇಯಸಿ ಮದಾಮ್ ದ ಪೊಂಪಡೋರ್ ಅವರ ಚಿತ್ರ ಸಿಕ್ಕಿದರೆ ದೊಡ್ಡದು ಮಾಡಿ ನೋಡಿ. ಎದೆಯಿಂದ ಸೊಂಟದವರೆಗೆ ಸಾಲಾಗಿ ಬೋ, ತೋಳಿನ ತುದಿಗೆ ಲೇಸ್, ಬಟ್ಟೆ ತುಂಬಾ ಗುಲಾಬಿ ಹೂ. ಆ ಕಾಲದಲ್ಲಿ ಹೀಗೆ ಬೋ ಸಾಲು ಹಾಕುವಾಗ ಮೇಲೆ ದೊಡ್ಡದು, ಕೆಳಗೆ ಬಂದಂತೆ ಚಿಕ್ಕದು ಇಡುತ್ತಿದ್ದರು. ಕಣ್ಣು ತಾನಾಗಿ ಕೆಳಗಿಳಿಯುತ್ತದೆ, ಸೊಂಟ ಸಣ್ಣಗೆ ಕಾಣುತ್ತದೆ. ಅಲಂಕಾರ ಅಂತ ನಾವು ಅಂದುಕೊಂಡಿದ್ದರ ಹಿಂದೆ ಲೆಕ್ಕಾಚಾರ ಇತ್ತು.

ಇನ್ನೊಂದು ಚಿತ್ರ 1783ರದು. ಫ್ರಾನ್ಸಿನ ರಾಣಿ ಮರೀ ಆಂಟೊನೆಟ್ ಬಿಳಿ ಮಸ್ಲಿನ್ ಉಡುಪಿನಲ್ಲಿ ಇದ್ದಾಳೆ, ಸೊಂಟಕ್ಕೆ ಒಂದು ಪಟ್ಟಿ, ಅಷ್ಟೇ. ಬರೆದವರು ಎಲಿಜಬೆತ್ ವಿಜೇ ಲೆ ಬ್ರನ್. ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಅದನ್ನು ಇಟ್ಟಾಗ "ರಾಣಿ ಒಳಉಡುಪಿನಲ್ಲಿ ಇದ್ದಾಳೆ" ಎಂದು ಗಲಾಟೆಯಾಗಿ ಚಿತ್ರವನ್ನೇ ತೆಗೆಯಬೇಕಾಯಿತು. ಈಗ ನಾವು ಹಾಕುವ ತೆಳು ಬಿಳಿ ಹತ್ತಿ ಡ್ರೆಸ್ಸಿಗೆ ಅದೇ ಅಜ್ಜಿ ಎನ್ನಬಹುದು.

1947ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನ ಡಿಸೈನರ್ ಕ್ರಿಸ್ಟಿಯಾನ್ ಡಿಯೊರ್ ಸಣ್ಣ ಸೊಂಟ, ಮೀಟರುಗಟ್ಟಲೆ ಬಟ್ಟೆಯ ಅಗಲ ಸ್ಕರ್ಟ್ ತಂದಾಗಲೂ ಹೀಗೇ ಆಯಿತು. ಯುದ್ಧದ ವರ್ಷಗಳಲ್ಲಿ ಬಟ್ಟೆಗೆ ರೇಷನ್ ಇತ್ತು. ಕೆಲವರು ಖುಷಿಪಟ್ಟರು, ಕೆಲವರು "ಇಷ್ಟು ಬಟ್ಟೆ ದಂಡವಾ" ಎಂದು ಬೈದರು. ಈಗಿನ ಡಿಸೈನರ್‌ಗಳಲ್ಲಿ ಸಿಮೋನ್ ರೋಶಾ, ಸ್ಯಾಂಡಿ ಲಿಯಾಂಗ್ ಮಾಡುವ ಬಟ್ಟೆ ನೋಡಿದರೆ ಈ ದಾರಿ ಎಲ್ಲಿಗೆ ಬಂದಿದೆ ಎಂದು ಗೊತ್ತಾಗುತ್ತದೆ.

ಕಾಟೇಜ್‌ಕೋರ್, ಬ್ಯಾಲೆಕೋರ್, ಲೋಲಿಟಾ, ಕೊಕೆಟ್... ಎಲ್ಲಾ ಒಂದೇ ಅಲ್ವಾ?

ಹತ್ತಿರದವು, ಒಂದೇ ಅಲ್ಲ. ಕಾಟೇಜ್‌ಕೋರ್‌ನಲ್ಲಿ ಹತ್ತಿ, ಲಿನನ್, ಸಣ್ಣ ಹೂವಿನ ಪ್ರಿಂಟ್, ತೋಟದ ಕೆಲಸಕ್ಕೂ ಆಗುವ ಬಟ್ಟೆ. ಬ್ಯಾಲೆಕೋರ್ ಅಂದರೆ ನರ್ತಕಿಯ ಅಭ್ಯಾಸದ ಉಡುಪು: ಸುತ್ತಿ ಕಟ್ಟುವ ಕಾರ್ಡಿಗನ್, ಲೆಗ್ ವಾರ್ಮರ್, ನೆಟ್ ಸ್ಕರ್ಟ್, ಬಿಗಿಯಾದ ತುರುಬು.

ಲೋಲಿಟಾ ಫ್ಯಾಷನ್ ಜಪಾನಿನದು, ಟೋಕಿಯೋದ ಹರಾಜುಕು ಸುತ್ತ ಬೆಳೆದದ್ದು. 'ಬೇಬಿ, ದ ಸ್ಟಾರ್ಸ್ ಶೈನ್ ಬ್ರೈಟ್' ಎಂಬ ಬ್ರ್ಯಾಂಡ್ 1988ರಿಂದ ಇದೆ. ಅದೇ ಹೆಸರಿನ ಕಾದಂಬರಿ ನೆನಪಾಗಿ ಬೇರೇನೋ ಅಂದುಕೊಳ್ಳಬೇಡಿ. ಅದರಲ್ಲಿ ಮೈ ಮುಚ್ಚುವುದಕ್ಕೇ ಒತ್ತು. ಮೊಣಕಾಲಿನ ಹತ್ತಿರಕ್ಕೆ ಬರುವ ಸ್ಕರ್ಟ್, ಒಳಗೆ ಪೆಟಿಕೋಟ್, ಮೇಲೆ ಪೂರ್ತಿ ಬ್ಲೌಸ್, ಎಲ್ಲಕ್ಕೂ ನಿಯಮ. ಅದನ್ನು ಹಾಕುವವರು ನಿಯಮವನ್ನು ಸೀರಿಯಸ್ಸಾಗಿ ತೆಗೆದುಕೊಳ್ಳುತ್ತಾರೆ. ಹಾಗಾಗಿ ಒಂದು ಬೋ ಹಾಕಿಕೊಂಡು "ನಾನು ಲೋಲಿಟಾ" ಅಂದರೆ ಬೈಸಿಕೊಳ್ಳುತ್ತೀರಿ. ಕೊಕೆಟ್‌ಗೆ ಅಂಥ ನಿಯಮ ಇಲ್ಲ, ಅದೇ ಅದರ ಅನುಕೂಲ, ಅದೇ ತೊಂದರೆ ಕೂಡ.

ಯಾವ ಬಟ್ಟೆ ತೆಗೆದುಕೊಳ್ಳಬೇಕು?

ಜಾಸ್ತಿ ಹೊತ್ತು ಇಲ್ಲೇ ಕಳೆಯಿರಿ ಎನ್ನುತ್ತೇನೆ.

ಮೊದಲು ಸ್ಯಾಟಿನ್. ಸ್ಯಾಟಿನ್ ಒಂದು ನೂಲಿನ ಹೆಸರಲ್ಲ, ನೇಯುವ ವಿಧಾನ. ಒಂದು ಕಡೆಯ ಎಳೆಗಳು ಉದ್ದಕ್ಕೆ ಮೇಲೆ ತೇಲಿಕೊಂಡು ಇರುತ್ತವೆ, ಬೆಳಕು ಅಲ್ಲಿ ಜಾರುತ್ತದೆ, ಅದಕ್ಕೇ ಹೊಳಪು. ರೇಷ್ಮೆಯಲ್ಲೂ ಸ್ಯಾಟಿನ್ ಮಾಡುತ್ತಾರೆ, ಪಾಲಿಯೆಸ್ಟರ್‌ನಲ್ಲೂ ಮಾಡುತ್ತಾರೆ. ಅಗ್ಗದ ಪಾಲಿಯೆಸ್ಟರ್ ಸ್ಯಾಟಿನ್ ಫೋಟೋದಲ್ಲಿ ಫ್ಲ್ಯಾಶ್ ಬಿದ್ದ ಕೂಡಲೇ ಕನ್ನಡಿ ಆಗಿಬಿಡುತ್ತದೆ, ಹೊಲಿಗೆಯ ಹತ್ತಿರ ಸುಕ್ಕು ಎದ್ದು ಕಾಣುತ್ತದೆ. ಸ್ಯಾಟಿನ್ನೇ ಬೇಕು ಅನ್ನುವುದಾದರೆ ಮಂಕು ಹೊಳಪಿನದು ಹುಡುಕಿ. ಅಥವಾ ಸ್ಯಾಟಿನ್ ಅನ್ನು ರಿಬ್ಬನ್ನಿಗೆ, ಕೊರಳ ಪಟ್ಟಿಗೆ ಮಾತ್ರ ಇಟ್ಟುಕೊಳ್ಳಿ.

ದಿನನಿತ್ಯಕ್ಕೆ ನನ್ನ ಮೊದಲ ಆಯ್ಕೆ ತೆಳು ಹತ್ತಿ: ವಾಯಿಲ್, ಮಲ್ಮಲ್. ನೆರಿಗೆ ಹಿಡಿದರೆ ಕೂರುತ್ತದೆ, ಬೆವರು ಹೀರುತ್ತದೆ, ಒಗೆದಷ್ಟೂ ಮೆತ್ತಗಾಗುತ್ತದೆ. ಜಾರಿ ಬೀಳುವ ಸ್ಕರ್ಟಿಗೆ ಜಾರ್ಜೆಟ್, ಶಿಫಾನ್. ಆರ್ಗೆಂಜಾ ಇದರ ಉಲ್ಟಾ, ಗರಿಗರಿಯಾಗಿ ಎದ್ದು ನಿಲ್ಲುತ್ತದೆ. ಪಫ್ ತೋಳು ಉಬ್ಬಿಕೊಂಡೇ ಇರಬೇಕು ಅಂದರೆ ಆರ್ಗೆಂಜಾ ಬೇಕು. ಅದರಲ್ಲೇ ಇಡೀ ಡ್ರೆಸ್ ಹೊಲಿಸಿದರೆ ಮಾತ್ರ ನೀವು ಕೂತಾಗ ಬಟ್ಟೆ ನಿಂತೇ ಇರುತ್ತದೆ.

ಅಂಗಡಿಯಲ್ಲಿ ಮಾಡಬಹುದಾದ ಪರೀಕ್ಷೆ ಸುಲಭ. ಬಟ್ಟೆಯ ಒಂದು ಮೂಲೆಯನ್ನು ಮುಷ್ಟಿಯಲ್ಲಿ ಹಿಡಿದು ಹತ್ತು ಎಣಿಸಿ ಬಿಡಿ, ಸುಕ್ಕು ಎಷ್ಟು ಉಳಿಯುತ್ತದೆ ನೋಡಿ. ಆಮೇಲೆ ಒಂದೇ ಬೆರಳಿನ ಮೇಲೆ ತೂಗುಹಾಕಿ. ಮೆತ್ತಗೆ ಮಡಿಕೆ ಬಿದ್ದರೆ ಸ್ಕರ್ಟಿಗೆ ಆಗುತ್ತದೆ, ಕೊಡೆಯ ಹಾಗೆ ಅಗಲಿ ನಿಂತರೆ ತೋಳಿಗೆ ಆಗುತ್ತದೆ. ಬೆಳಕಿಗೆ ಹಿಡಿದು ಕೈ ಎಷ್ಟು ಕಾಣುತ್ತದೆ ನೋಡಿ. ಕಂಡರೆ ಲೈನಿಂಗ್ ಬೇಕೇ ಬೇಕು. ಲೈನಿಂಗ್ ಹತ್ತಿಯದೇ ಇರಲಿ, ಯಾಕಂದರೆ ಮೈಗೆ ತಾಗುವುದು ಅದು. ಬಣ್ಣ ಬಟ್ಟೆಯದಕ್ಕಿಂತ ನಿಮ್ಮ ಚರ್ಮದ ಬಣ್ಣಕ್ಕೆ ಹತ್ತಿರ ಇದ್ದರೆ ಲೇಸ್ ಕೆಳಗೆ ಗೊತ್ತೇ ಆಗುವುದಿಲ್ಲ. ಬಿಳಿ ಬಟ್ಟೆಯ ಕೆಳಗೆ ಬಿಳಿ ಒಳಉಡುಪು ಎದ್ದು ಕಾಣುವುದೂ ಇದೇ ಕಾರಣಕ್ಕೆ.

ಒಳ್ಳೆ ಲೇಸ್ ಹೇಗೆ ಗುರುತಿಸೋದು?

ಕೈಯ ಹಿಂಭಾಗಕ್ಕೆ ಉಜ್ಜಿ ನೋಡಿ. ಚುಚ್ಚಿದರೆ ಅಲ್ಲೇ ಬಿಟ್ಟುಬಿಡಿ, ಒಗೆದ ಮೇಲೆ ಸರಿಹೋಗುತ್ತದೆ ಅನ್ನುವ ಮಾತು ನಂಬಬೇಡಿ.

1809ರಲ್ಲಿ ಇಂಗ್ಲೆಂಡಿನ ಜಾನ್ ಹೀತ್‌ಕೋಟ್ ನೆಟ್ ಮಾಡುವ ಯಂತ್ರಕ್ಕೆ ಪೇಟೆಂಟ್ ಪಡೆಯುವವರೆಗೆ ಒಳ್ಳೆಯ ನೆಟ್ ಅಂದರೆ ಕೈಕೆಲಸವೇ, ಅದು ಶ್ರೀಮಂತರ ಸೊತ್ತು. ಈಗ ನಮಗೆ ಸಿಗುವುದು ಬಹುತೇಕ ಯಂತ್ರದ್ದು. ಅದರಲ್ಲಿ ತಪ್ಪೇನಿಲ್ಲ. ಮೂರು ಬಗೆ ಗೊತ್ತಿದ್ದರೆ ಸಾಕು. ಶಾಂಟಿಲಿ: ತೆಳು ನೆಟ್ ಮೇಲೆ ಹೂ, ಹೂವಿನ ಅಂಚಿಗೆ ಸ್ವಲ್ಪ ದಪ್ಪ ದಾರ. ಸೂಕ್ಷ್ಮ, ಉಗುರು ಸಿಕ್ಕಿದರೆ ಹರಿಯುತ್ತದೆ. ಗಿಪ್ಯೂರ್: ಹಿಂದೆ ನೆಟ್ ಇರುವುದಿಲ್ಲ, ಹೂವಿಗೆ ಹೂ ದಾರದಲ್ಲೇ ಸೇರಿಕೊಂಡಿರುತ್ತದೆ. ಕರಗಿಹೋಗುವ ಬಟ್ಟೆಯ ಮೇಲೆ ಕಸೂತಿ ಹಾಕಿ ಆಮೇಲೆ ಆ ಬಟ್ಟೆಯನ್ನು ಕರಗಿಸುತ್ತಾರೆ. ಭಾರ ಇರುತ್ತದೆ, ಕಾಲರಿಗೆ ಚೆನ್ನ. ಐಲೆಟ್: ಹತ್ತಿ ಬಟ್ಟೆಗೇ ತೂತು ಮಾಡಿ ಸುತ್ತ ಹೊಲಿದದ್ದು. ಮೊದಲ ಸಲ ಈ ಸ್ಟೈಲ್ ಹಾಕುವವರಿಗೆ ನಾನು ಹೇಳುವುದು ಐಲೆಟ್. ಗಟ್ಟಿ, ಒಗೆಯಲು ಸುಲಭ, ಅತಿ ಅನ್ನಿಸುವುದಿಲ್ಲ.

ಹತ್ತಿ ಲೇಸನ್ನು ಹೊಲಿಯುವ ಮೊದಲು ನೀರಲ್ಲಿ ನೆನೆಸಿ ಒಣಗಿಸಿ. ಇಲ್ಲದಿದ್ದರೆ ಮೊದಲ ಒಗೆತಕ್ಕೆ ಲೇಸ್ ಕುಗ್ಗುತ್ತದೆ, ಬಟ್ಟೆ ಕುಗ್ಗುವುದಿಲ್ಲ, ಅಂಚೆಲ್ಲಾ ಸುರುಟಿಕೊಳ್ಳುತ್ತದೆ.

ನಾನು ದಪ್ಪ ಇದ್ದೀನಿ. ಫ್ರಿಲ್ ಹಾಕಿದ್ರೆ ಇನ್ನೂ ದಪ್ಪ ಕಾಣಲ್ವಾ?

ಇದು ಅತಿ ಹೆಚ್ಚು ಬರುವ ಪ್ರಶ್ನೆ. ಈ ಸ್ಟೈಲ್‌ನ ಫೋಟೋಗಳಲ್ಲಿ ಬರೀ ತೆಳ್ಳಗಿನ ಹುಡುಗಿಯರೇ ಕಾಣುವುದರಿಂದ ಬರುವ ಪ್ರಶ್ನೆ ಕೂಡ. ಪೊಂಪಡೋರ್ ಕಾಲದ ಚಿತ್ರಗಳಲ್ಲಿ ದುಂಡು ತೋಳು, ತುಂಬಿದ ಕೆನ್ನೆಯೇ ಚೆಲುವು. ಈ ಉಡುಪು ಕಡ್ಡಿ ಮೈಗೆ ಮಾತ್ರ ಅಂತ ಯಾರೂ ಬರೆದಿಟ್ಟಿಲ್ಲ.

ಈಗ ಕೆಲಸದ ಮಾತು. ಫ್ರಿಲ್‌ನಲ್ಲಿ ಎರಡು ಥರ ಇದೆ, ಟೇಲರ್ ಹತ್ತಿರ ಹೋಗುವ ಮೊದಲು ಗೊತ್ತಿರಲಿ. ಒಂದು, ಉದ್ದ ಪಟ್ಟಿಯನ್ನು ನೆರಿಗೆ ಹಿಡಿದು ಹೊಲಿಯುವುದು. ಇದರಲ್ಲಿ ಹೊಲಿಗೆಯ ಹತ್ತಿರವೇ ಬಟ್ಟೆ ದಪ್ಪಗೆ ಸೇರಿಕೊಳ್ಳುತ್ತದೆ. ಇನ್ನೊಂದು, ಬಟ್ಟೆಯನ್ನು ದುಂಡಗೆ ಕತ್ತರಿಸಿ ಒಳಗಿನ ಅಂಚನ್ನು ಹೊಲಿಯುವುದು. ಮೇಲೆ ಚಪ್ಪಟೆ, ಕೆಳಗೆ ಮಾತ್ರ ಅಲೆ. ಎದೆ, ಸೊಂಟ, ಹೊಟ್ಟೆಯ ಹತ್ತಿರ ಫ್ರಿಲ್ ಬೇಕು ಅಂದರೆ ಎರಡನೆಯದು ಹೇಳಿ. ಮೊದಲನೆಯದು ಸ್ಕರ್ಟಿನ ಅಂಚಿಗೆ, ತೋಳಿನ ತುದಿಗೆ ಇರಲಿ.

ನೆರಿಗೆಯ ಲೆಕ್ಕವೂ ಇದೆ. 1 ಮೀಟರ್ ಅಂಚಿಗೆ ಸಾಮಾನ್ಯ ಹತ್ತಿ ಬಟ್ಟೆಯಾದರೆ ಒಂದೂವರೆಯಿಂದ 2 ಮೀಟರ್ ಪಟ್ಟಿ. ಶಿಫಾನ್, ನೆಟ್ ಥರ ತೆಳುವಿಗೆ ಎರಡೂವರೆ, 3 ಮೀಟರ್. ದಪ್ಪ ಬಟ್ಟೆಗೆ 3 ಮೀಟರ್ ತುರುಕಿದರೆ ಯಾರು ಹಾಕಿದರೂ ದಪ್ಪ ಕಾಣುತ್ತಾರೆ, ಮೈಯನ್ನು ದೂರಬೇಡಿ.

ಎದೆ ತುಂಬಿರುವವರಿಗೆ ಎದೆಯ ಕೆಳಗೆ ಗೆರೆ ಬರುವ ಎಂಪೈರ್ ಕಟ್ ಚೆನ್ನಾಗಿಯೂ ಕಾಣಬಹುದು, ಕೆಟ್ಟದಾಗಿಯೂ ಕಾಣಬಹುದು. ವ್ಯತ್ಯಾಸ ಇರುವುದು ಆ ಹೊಲಿಗೆ ಎಲ್ಲಿ ಕೂರುತ್ತದೆ ಅನ್ನುವುದರಲ್ಲಿ. ಹೊಲಿಗೆ ಪೂರ್ತಿ ಎದೆಯ ಕೆಳಗೆ, ಪಕ್ಕೆಲುಬಿನ ಮೇಲೆ ಬರಬೇಕು. ರೆಡಿಮೇಡ್‌ನಲ್ಲಿ ಎಷ್ಟೋ ಸಲ ಎದೆಯ ಮೇಲೇ ಹಾದುಹೋಗುತ್ತದೆ, ಆಗ ಬಟ್ಟೆ ಡೇರೆ ಥರ ನಿಲ್ಲುತ್ತದೆ. ಟ್ರಯಲ್ ರೂಮಿನಲ್ಲಿ ಕೈ ಎತ್ತಿ ನೋಡಿ. ಹೊಲಿಗೆ ಮೇಲೆ ಹತ್ತಿ ಎದೆಯ ಮೇಲೆ ಕೂತರೆ ವಾಪಸ್ ಕೊಡಿ.

ಪಫ್ ತೋಳಿಗೆ ಒಂದೇ ಮಾತು: ಭುಜದ ಹೊಲಿಗೆ ನಿಮ್ಮ ಭುಜದ ಮೂಳೆಗಿಂತ ಸ್ವಲ್ಪ ಒಳಗೆ ಇರಲಿ. ಹೊರಗೆ ಹೋದರೆ ಭುಜ ಅಗಲ. ತೋಳಿನ ಎಲಾಸ್ಟಿಕ್ ಬಿಗಿಯಾಗಿ ಗುರುತು ಬೀಳುವಂತಿದ್ದರೆ ಬಿಚ್ಚಿಸಿ ಸಡಿಲ ಮಾಡಿಸಿ, ಐದು ನಿಮಿಷದ ಕೆಲಸ.

ಒಂದೇ ಸಲಕ್ಕೆ ಎಷ್ಟು ಹಾಕಬಹುದು? ಬೋ, ಲೇಸ್, ಮುತ್ತು ಎಲ್ಲಾ ಇಷ್ಟ ನಂಗೆ.

ಎಲ್ಲವೂ ಇಷ್ಟ ಇರಲಿ, ಒಂದೊಂದು ದಿನ ಒಂದೊಂದಕ್ಕೆ ಕೊಡಿ. ನಾನು ನೋಡುವ ರೀತಿ ಹೀಗೆ: ಒಂದು ಜೋರಾದದ್ದು, ಒಂದು ಸಣ್ಣದು, ಉಳಿದದ್ದು ಸಪ್ಪೆ. ದೊಡ್ಡ ಪಫ್ ತೋಳಿನ ಬ್ಲೌಸ್ ಜೋರಾದದ್ದಾದರೆ ಕಿವಿಗೆ ಸಣ್ಣ ಮುತ್ತು, ಕೆಳಗೆ ನೇರ ಜೀನ್ಸ್. ಫ್ರಿಲ್ ಫ್ರಿಲ್ ಸ್ಕರ್ಟ್ ಇದ್ದರೆ ಮೇಲೆ ಏನೂ ಇಲ್ಲದ ಬನಿಯನ್ ಬಟ್ಟೆಯ ಟಾಪ್. ಸಪ್ಪೆ ಇದ್ದಾಗಲೇ ಚಂದದ್ದು ಕಣ್ಣಿಗೆ ಬೀಳುವುದು.

ನಿಜ ಹೇಳಬೇಕೆಂದರೆ ತಲೆಯಿಂದ ಕಾಲಿನವರೆಗೆ ಎಲ್ಲಾ ಹಾಕಿಕೊಂಡೂ ಚೆನ್ನಾಗಿ ಕಾಣುವವರಿದ್ದಾರೆ. ಅವರನ್ನು ಗಮನಿಸಿ ನೋಡಿ, ಬಣ್ಣ ಮಾತ್ರ ಒಂದೇ ಇಟ್ಟುಕೊಂಡಿರುತ್ತಾರೆ. ಎಲ್ಲಾ ಕ್ರೀಮ್, ಅಥವಾ ಎಲ್ಲಾ ಕಪ್ಪು. ಐದು ಬಣ್ಣ, ಐದು ಅಲಂಕಾರ ಎರಡೂ ಒಟ್ಟಿಗೆ ಬಂದರೆ ಯಾರಿಂದಲೂ ನಿಭಾಯಿಸಲು ಆಗುವುದಿಲ್ಲ.

ಬೋ ಕಟ್ಟಿದ್ರೆ ಸೊಟ್ಟ ನಿಲ್ಲುತ್ತೆ, ಜಾರುತ್ತೆ. ಏನು ಮಾಡೋದು?

ಬೋ ಅಡ್ಡಕ್ಕೆ ನಿಲ್ಲುವ ಬದಲು ಮೇಲೆ-ಕೆಳಗೆ ತಿರುಗಿ ನಿಲ್ಲುತ್ತದೆ ಅಂದರೆ ಗಂಟು ತಪ್ಪಿದೆ ಅಂತ ಅರ್ಥ. ಮೊದಲ ಗಂಟಿನಲ್ಲಿ ಎಡಗಡೆಯದನ್ನು ಬಲದ ಮೇಲೆ ಹಾಕಿದ್ದರೆ, ಬೋ ಮಾಡುವಾಗ ಬಲಗಡೆಯದನ್ನು ಎಡದ ಮೇಲೆ ಹಾಕಬೇಕು. ಎರಡು ಸಲವೂ ಒಂದೇ ಕಡೆಯಿಂದ ಹಾಕಿದರೆ ಎಷ್ಟು ಎಳೆದು ಸರಿಮಾಡಿದರೂ ತಿರುಗಿಕೊಳ್ಳುತ್ತದೆ. ಶೂ ಲೇಸಿಗೂ ಇದೇ ನಿಯಮ.

ಜಾರುವುದು ರಿಬ್ಬನ್ನಿನ ಗುಣ. ಸ್ಯಾಟಿನ್ ಜಾರುತ್ತದೆ, ಅಡ್ಡ ಗೆರೆಗಳಿರುವ ಗ್ರೋಗ್ರೇನ್ ಹಿಡಿದುಕೊಳ್ಳುತ್ತದೆ, ವೆಲ್ವೆಟ್ ಇನ್ನೂ ಚೆನ್ನಾಗಿ ಹಿಡಿಯುತ್ತದೆ. ನುಣುಪು ಕೂದಲಿಗೆ ಸ್ಯಾಟಿನ್ನೇ ಬೇಕು ಅಂದರೆ ಮೊದಲು ರಬ್ಬರ್ ಬ್ಯಾಂಡ್ ಹಾಕಿ, ಅದರೊಳಗೆ ರಿಬ್ಬನ್ ತೂರಿಸಿ, ಆಮೇಲೆ ಕಟ್ಟಿ. ಗುಂಗುರು ಕೂದಲಿನವರು ಪುಣ್ಯವಂತರು, ಯಾವುದನ್ನು ಕಟ್ಟಿದರೂ ನಿಲ್ಲುತ್ತದೆ.

ತುದಿಯನ್ನು ಓರೆಯಾಗಿ ಅಥವಾ ವಿ ಆಕಾರಕ್ಕೆ ಕತ್ತರಿಸಿ. ಪಾಲಿಯೆಸ್ಟರ್ ರಿಬ್ಬನ್ ಆದರೆ ತುದಿಯನ್ನು ಮೋಂಬತ್ತಿಯ ಉರಿಯ ಹತ್ತಿರ ಒಂದು ಕ್ಷಣ ತೋರಿಸಿದರೆ ಕರಗಿ ಗಟ್ಟಿಯಾಗುತ್ತದೆ, ಎಳೆ ಬಿಚ್ಚುವುದಿಲ್ಲ. ಹತ್ತಿ, ರೇಷ್ಮೆ ರಿಬ್ಬನ್ನಿಗೆ ಹೀಗೆ ಮಾಡಬೇಡಿ, ಅವು ಕರಗುವುದಿಲ್ಲ, ಸುಡುತ್ತವೆ. ಅವಕ್ಕೆ ಬಣ್ಣ ಇಲ್ಲದ ನೇಲ್ ಪಾಲಿಶ್ ಸವರಿ.

ನಂಗೆ ಪಿಂಕ್ ಆಗಲ್ಲ. ಬೇರೆ ಬಣ್ಣ ಇಲ್ವಾ?

ಪಿಂಕ್ ಕಡ್ಡಾಯ ಅಲ್ಲ. 20ನೇ ಶತಮಾನದ ಶುರುವಿನಲ್ಲಿ ಅಮೆರಿಕದ ಕೆಲವು ವ್ಯಾಪಾರಿ ಪತ್ರಿಕೆಗಳು ಗಂಡುಮಕ್ಕಳಿಗೆ ಪಿಂಕ್, ಹೆಣ್ಣುಮಕ್ಕಳಿಗೆ ನೀಲಿ ಎಂದೇ ಸಲಹೆ ಕೊಡುತ್ತಿದ್ದವು. ಅಷ್ಟು ಸಡಿಲ ಈ ನಿಯಮ.

ಮೈಬಣ್ಣ ಕಪ್ಪೋ ಎಣ್ಣೆಗೆಂಪೋ ಆದರೆ ಸುಣ್ಣ ಬೆರೆಸಿದಂಥ ಪೇಲವ ಪೇಸ್ಟಲ್‌ಗಳು ಕೆಲವೊಮ್ಮೆ ಮುಖವನ್ನು ಬೂದಿಯಾಗಿಸುತ್ತವೆ. ದೋಷ ಆ ಬಣ್ಣದ್ದು. ಸ್ವಲ್ಪ ಜೀವ ಇರುವ ತಿಳಿಬಣ್ಣ ಹಾಕಿ: ಏಪ್ರಿಕಾಟ್, ಬೆಣ್ಣೆ ಹಳದಿ, ಲ್ಯಾವೆಂಡರ್, ಗಾಢ ಗುಲಾಬಿ. ಕ್ರೀಮ್ ಮತ್ತು ದಂತದ ಬಿಳಿ ಬಹುತೇಕ ಎಲ್ಲರಿಗೂ ಹೊಂದುತ್ತವೆ, ಟ್ಯೂಬ್‌ಲೈಟ್ ಬಿಳಿ ಹೊಂದುವುದು ಕಷ್ಟ. ವೈನ್ ಕೆಂಪು ವೆಲ್ವೆಟ್, ಕಪ್ಪು ಶಾಂಟಿಲಿ ಎರಡೂ ಕೊಕೆಟ್ಟೇ. ನನ್ನ ಕೇಳಿದರೆ ಕಪ್ಪು ಲೇಸ್ ಪಿಂಕ್‌ಗಿಂತ ಜಾಸ್ತಿ ರೊಮ್ಯಾಂಟಿಕ್.

ನಲವತ್ತು ದಾಟಿದೆ. ನನಗಿದೆಲ್ಲಾ ಬೇಕಾ?

ಬೇಕು ಅನ್ನಿಸಿದರೆ ಬೇಕು. ಮಗು ಥರ ಕಾಣಬೇಕೆಂಬ ಹಟ ಈ ಸ್ಟೈಲ್‌ಗೆ ಆಮೇಲೆ ಅಂಟಿಕೊಂಡದ್ದು, ಮೂಲದಲ್ಲಿ ಇದು ದೊಡ್ಡ ಹೆಂಗಸರ ಉಡುಪು. ಬೂಶೆ ಆ ಚಿತ್ರ ಬರೆದಾಗ ಪೊಂಪಡೋರ್‌ಗೆ 34 ವರ್ಷ.

ಬದಲಿಸಬೇಕಾದದ್ದು ಅಳತೆ ಮತ್ತು ಬಟ್ಟೆ. ತಲೆ ಮೇಲಿನ ದೊಡ್ಡ ಬೋ ಬದಲು ತುರುಬಿನ ಬುಡಕ್ಕೆ ಕಪ್ಪು ವೆಲ್ವೆಟ್ ರಿಬ್ಬನ್. ಗಿಡ್ಡ ಬೇಬಿಡಾಲ್ ಫ್ರಾಕ್ ಬದಲು ಮೊಣಕಾಲಿನ ಕೆಳಗೆ ಬರುವ ಸ್ಕರ್ಟ್. ಕತ್ತಿಗೆ ಕಟ್ಟುವ ಬೋ ಇರುವ ಬ್ಲೌಸ್ ಅಂತೂ ಈ ವಯಸ್ಸಿಗೇ ಮಾಡಿಸಿದ ಹಾಗಿರುತ್ತದೆ. ಹದಿನೆಂಟರವರು ಅದನ್ನು ಹಾಕಿದರೆ ಯೂನಿಫಾರ್ಮ್ ಥರ ಕಾಣುತ್ತದೆ.

ಆಫೀಸಿಗೆ ಹಾಕಬಹುದಾ?

ಒಂದು ಭಾಗ ಮಾತ್ರ. ಕೋಟಿನ ಒಳಗೆ ಲೇಸ್ ಕಾಲರ್ ಬ್ಲೌಸ್, ಅಥವಾ ಫಾರ್ಮಲ್ ಪ್ಯಾಂಟಿಗೆ ಬ್ಯಾಲೆ ಶೂ. ಪಾರದರ್ಶಕ ಬಟ್ಟೆ, ತೆಳು ಪಟ್ಟಿಯ ಲೇಸ್ ಕ್ಯಾಮಿಸೋಲ್, ಸೊಂಟ ಬಿಗಿಯುವ ಕಾರ್ಸೆಟ್ ಟಾಪ್ ಸಂಜೆಗೆ ಇರಲಿ. ಮೀಟಿಂಗಿನಲ್ಲಿ ಕೈ ಆಡಿಸಿದಾಗಲೆಲ್ಲಾ ತೋಳಿನ ಫ್ರಿಲ್ ಕಾಫಿಯಲ್ಲಿ ಅದ್ದುತ್ತದೆ, ಅದನ್ನೂ ಯೋಚಿಸಿ.

ಬ್ಯಾಲೆ ಶೂ ಹಾಕಿದ್ರೆ ಕಾಲು ನೋವು. ಏನಾದ್ರೂ ದಾರಿ ಇದ್ಯಾ?

1956ರಲ್ಲಿ ಪ್ಯಾರಿಸ್ಸಿನ ರೋಸ್ ರೆಪೆಟ್ಟೋ ಅವರು ನಟಿ ಬ್ರಿಜಿತ್ ಬಾರ್ಡೋಗಾಗಿ ರಸ್ತೆಯಲ್ಲಿ ಹಾಕಬಹುದಾದ ಬ್ಯಾಲೆ ಶೂ ಮಾಡಿಕೊಟ್ಟರು. ಬಾರ್ಡೋ ಬ್ಯಾಲೆ ಕಲಿತವರು. ಬ್ಯಾಲೆ ಕಲಿಯದ ನಮ್ಮ ಕಾಲಿಗೆ ಆ ತೆಳು ಅಟ್ಟೆ ಸಾಲುವುದಿಲ್ಲ. ಕೊಳ್ಳುವಾಗ ಶೂವನ್ನು ಎರಡು ಕೈಯಲ್ಲಿ ಮಡಚಿ ನೋಡಿ. ಬೆರಳಿನ ಬುಡದ ಹತ್ತಿರ ಮಡಚಬೇಕು. ನಟ್ಟನಡುವೆ ಪೂರ್ತಿ ಮಡಚಿಕೊಂಡರೆ ಪಾದಕ್ಕೆ ಆಸರೆಯೇ ಇಲ್ಲ ಎಂದರ್ಥ. ಅಟ್ಟೆ ಸ್ವಲ್ಪ ದಪ್ಪ ಇರುವುದನ್ನು, ಒಳಗೆ ತೆಳು ಮೆತ್ತೆ ಹಾಕಲು ಜಾಗ ಇರುವುದನ್ನು ಆರಿಸಿ. ಜಾಸ್ತಿ ನಡೆಯುವ ದಿನ ಮೇರಿ ಜೇನ್ ಹಾಕಿ, ಪಟ್ಟಿ ಇರುವುದರಿಂದ ಶೂ ಕಳಚದಂತೆ ಬೆರಳು ಬಿಗಿಹಿಡಿಯುವ ಕಷ್ಟ ಇರುವುದಿಲ್ಲ.

ಹುಡುಗರು ಹಾಕಬಹುದಾ?

ಧಾರಾಳವಾಗಿ. 17, 18ನೇ ಶತಮಾನದ ಯುರೋಪಿನಲ್ಲಿ ಲೇಸ್ ಕೊರಳಪಟ್ಟಿ, ಲೇಸ್ ತೋಳು, ಶೂ ಮೇಲೆ ರಿಬ್ಬನ್, ಎಲ್ಲವೂ ಗಂಡಸರ ಮೈಮೇಲೂ ಇತ್ತು. ಸಿಮೋನ್ ರೋಶಾ ಕೂಡ 2022ರಲ್ಲಿ ಗಂಡಸರ ಉಡುಪು ಶುರು ಮಾಡಿದರು, ಅದರಲ್ಲೂ ಮುತ್ತು, ನೆಟ್ ಇದೆ.

ಇದು ಹೆಂಗಸರನ್ನ ಗೊಂಬೆ ಮಾಡೋ ಸ್ಟೈಲ್ ಅಲ್ವಾ?

ಪ್ರಶ್ನೆ ಸರಿಯಾಗಿದೆ. ಈ ಹೆಸರಿನಡಿ ಬರುವ ಪೋಸ್ಟ್‌ಗಳಲ್ಲಿ ಎರಡು ಥರದ್ದು ನನಗೆ ಆಗುವುದಿಲ್ಲ: ಚಿಕ್ಕ ಹುಡುಗಿಯಂತೆ ಕಾಣುವುದನ್ನೇ ಆಕರ್ಷಣೆ ಎಂದು ತೋರಿಸುವುದು, ಊಟ ಬಿಡುವುದನ್ನು ಚೆಲುವಿನ ಗುಟ್ಟು ಎಂದು ಹೇಳುವುದು. ಅಂಥವು ಕಂಡರೆ ನೋಡದೆ ಮುಂದೆ ಹೋಗಿ, ಬ್ಲಾಕ್ ಮಾಡಿ. ಅದು ಫ್ಯಾಷನ್ ಅಲ್ಲ, ಕಾಯಿಲೆ ಹಂಚುವುದು.

ಆದರೆ ಫ್ರಿಲ್ ಹಾಕಿದವಳಿಗೆ ಬುದ್ಧಿ ಕಮ್ಮಿ, ಪ್ಯಾಂಟ್ ಹಾಕಿದವಳು ಗಟ್ಟಿಗಿತ್ತಿ ಅನ್ನುವ ಲೆಕ್ಕವನ್ನೂ ನಾನು ಒಪ್ಪುವುದಿಲ್ಲ. ಯಾರೋ ಹಾಕು ಅಂದರು ಅಂತ ಹಾಕುವುದಕ್ಕೂ, ಕನ್ನಡಿ ಮುಂದೆ ನಿಂತು ನನಗೆ ಖುಷಿ ಅಂತ ಹಾಕುವುದಕ್ಕೂ ವ್ಯತ್ಯಾಸ ಇದೆ, ಅದು ಹಾಕಿದವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಒಗೆಯೋದು ಹೇಗೆ? ಒಂದೇ ಸಲಕ್ಕೆ ಹಾಳಾಗುತ್ತೆ.

ಲೇಸ್ ಇರುವುದನ್ನು ಒಳಹೊರಗು ಮಾಡಿ, ಹುಕ್ಕು ಜಿಪ್ಪು ಹಾಕಿ, ಬಲೆಯ ಚೀಲದಲ್ಲಿ ಹಾಕಿ ತಣ್ಣೀರಲ್ಲಿ ಒಗೆಯಿರಿ. ಕೈಯಲ್ಲಾದರೆ ಹಿಂಡಬೇಡಿ, ಟವೆಲ್‌ನಲ್ಲಿ ಸುತ್ತಿ ಒತ್ತಿ. ಬಿಳಿ ಡ್ರೆಸ್ಸಿಗೆ ಕೆಂಪು ಅಥವಾ ಕಪ್ಪು ರಿಬ್ಬನ್ ಇದ್ದರೆ ಬಿಚ್ಚಿಡಿ. ಬಿಚ್ಚಲು ಬಾರದಂತೆ ಹೊಲಿದಿದ್ದರೆ ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ಬಣ್ಣ ಬಿಡುತ್ತದಾ ನೋಡಿ, ಬಿಟ್ಟರೆ ಆ ರಿಬ್ಬನ್ ಕಿತ್ತು ಬೇರೆ ಹಾಕಿ. ವೆಲ್ವೆಟ್ ಮೇಲೆ ಇಸ್ತ್ರಿ ಇಡಲೇಬೇಡಿ, ಬಟ್ಟೆಯ ಮೇಲೆ ಎದ್ದು ನಿಂತ ಎಳೆ ಮಲಗಿಬಿಡುತ್ತದೆ, ಹಬೆ ಸಾಕು.

ಮುತ್ತು ನಿಜವಾದದ್ದಾದರೆ ಸೆಂಟು, ಹೇರ್ ಸ್ಪ್ರೇ ಎಲ್ಲಾ ಮುಗಿದ ಮೇಲೆ ಕೊನೆಗೆ ಹಾಕಿ, ಮನೆಗೆ ಬಂದ ಕೂಡಲೇ ಮೊದಲು ತೆಗೆಯಿರಿ. ಮುತ್ತಿನಲ್ಲಿ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಹುಳಿ ಅಂಶ ತಾಗಿದರೆ ಹೊಳಪು ಹೋಗುತ್ತದೆ. 1893ರಲ್ಲಿ ಜಪಾನಿನ ಮಿಕಿಮೊಟೊ ಕೊಕಿಚಿ ಮುತ್ತು ಬೆಳೆಸುವುದರಲ್ಲಿ ಗೆದ್ದ ಮೇಲೆ ನಿಜ ಮುತ್ತು ರಾಜರ ಮನೆಯಿಂದ ಹೊರಗೆ ಬಂತು. ಗಾಜಿನದೋ ಪ್ಲಾಸ್ಟಿಕ್ಕಿನದೋ ಹಾಕಿದರೂ ನಷ್ಟ ಇಲ್ಲ, ಒಂದೇ ಗಾತ್ರ, ತುಸು ಮಂಕು ಹೊಳಪು ನೋಡಿ ಆರಿಸಿ.

ಮೇಕಪ್?

ಕೆನ್ನೆಗೆ ರೂಜ್, ತುಟಿಗೆ ಅದೇ ಬಣ್ಣ, ರೆಪ್ಪೆಗೆ ಮಸ್ಕಾರ. ಸಾಕು.

ಹೊಸದೇನೂ ಕೊಳ್ಳಲ್ಲ. ಬೀರುವಿನಲ್ಲಿ ಇರೋದ್ರಲ್ಲೇ ನಾಳೆ ಹಾಕಬೇಕು. ಆಗುತ್ತಾ?

ಆಗುತ್ತದೆ. ಹಳೆ ಕಾರ್ಡಿಗನ್ ಹುಡುಕಿ. ಅದರ ಪ್ಲಾಸ್ಟಿಕ್ ಗುಂಡಿ ಕಿತ್ತು ಮುತ್ತಿನ ಥರದ ಗುಂಡಿ ಹೊಲಿಯಿರಿ, ಹಳೆ ಬ್ಲೌಸಿನಲ್ಲೋ ಮುರಿದ ಸರದಲ್ಲೋ ಸಿಗುತ್ತದೆ. ಗುಂಡಿ ಇಲ್ಲವಾ, ಮೇಲಿನ ಎರಡು ಕಾಜಾದಲ್ಲಿ ತೆಳು ರಿಬ್ಬನ್ ತೂರಿಸಿ ಕಟ್ಟಿ. ಒಳಗೆ ಲೇಸ್ ಅಂಚಿನ ಸ್ಲಿಪ್ಪೋ ತೆಳು ಬನಿಯನ್ನೋ, ಅಂಚು ಒಂದು ಬೆರಳಿನಷ್ಟು ಹೊರಗೆ ಕಾಣಲಿ. ಕೆಳಗೆ ಯಾವುದಾದರೂ ಸಾದಾ ಸ್ಕರ್ಟ್ ಅಥವಾ ಪ್ಯಾಂಟ್. ಕೂದಲನ್ನು ಅರ್ಧ ಮೇಲೆ ಕಟ್ಟಿ ಉಳಿದ ರಿಬ್ಬನ್ ಅಲ್ಲಿಗೆ. ಕಾಲರ್ ಚೆನ್ನಾಗಿರುವ ಹಳೆ ಶರ್ಟ್ ಇದ್ದರೆ ಅದರ ಕಾಲರನ್ನು ಮಾತ್ರ ಬಿಡಿಸಿ, ಸುತ್ತ ಲೇಸ್ ಹೊಲಿದು, ಮುಂದೆ ಒಂದು ಹುಕ್ ಇಟ್ಟರೆ ಯಾವ ಸ್ವೆಟರ್ ಮೇಲೆ ಬೇಕಾದರೂ ಹಾಕಿಕೊಳ್ಳಬಹುದು. ಲೇಸ್ ಮೂಲೆಗೆ ಬಂದಾಗ ಎಳೆದು ಹೊಲಿಯಬೇಡಿ, ಅಲ್ಲಿ ಒಂದು ಸಣ್ಣ ನೆರಿಗೆ ಜಾಸ್ತಿ ಕೊಡಿ. ಇಲ್ಲದಿದ್ದರೆ ಕಾಲರಿನ ತುದಿ ಮೇಲಕ್ಕೆ ಎದ್ದು ನಿಲ್ಲುತ್ತದೆ.